ತೂಕ ಇಳಿಕೆಯ ಶಸ್ತ್ರಚಿಕಿತ್ಸೆ ಮತ್ತು ಆರೋಗ್ಯ ವಿಮೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಅತಿಯಾದ ಸ್ಥೂಲಕಾಯದಿಂದ ಬಳಲುತ್ತಿರುವವರಿಗೆ ವೈದ್ಯರು ಕೆಲವು ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಇದಕ್ಕೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಖಾಸಗಿ ಆಸ್ಪತ್ರೆಗಳಲ್ಲಿ ಇದರ ವೆಚ್ಚ ಲಕ್ಷಗಳ ಲೆಕ್ಕದಲ್ಲಿರುವುದರಿಂದ, ಸದರಿ ವೆಚ್ಚವನ್ನು ಆರೋಗ್ಯ ವಿಮೆಯು ಭರಿಸುತ್ತದೆಯೇ ಎಂಬುದು ಸಾರ್ವಜನಿಕರು ಕೇಳುವ ಮೊದಲ ಪ್ರಶ್ನೆಯಾಗಿರುತ್ತದೆ. ‘ಇದು ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆ, ವಿಮೆ ಸಿಗುವುದಿಲ್ಲ’ ಎಂದು ನಂಬಿ ಅರ್ಜಿಯನ್ನೇ ಸಲ್ಲಿಸದವರು ಇದ್ದಾರೆ. ‘ವಿಮೆ ಇದೆ, ಎಲ್ಲವೂ ಸಿಗುತ್ತದೆ’ ಎಂದು ನಂಬಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನಂತರ ಸಾಲಕ್ಕೆ ಸಿಲುಕುವವರೂ ಇದ್ದಾರೆ. ಈ ಎರಡೂ ನಂಬಿಕೆಗಳು ಪೂರ್ಣವಾಗಿ ಸರಿಯಲ್ಲ. ನಿಯಮಗಳು ಏನು ಹೇಳುತ್ತವೆ, ಯಾವ ದಾಖಲೆಗಳು ಬೇಕು, ಕ್ಲೇಮು ತಿರಸ್ಕೃತವಾದಲ್ಲಿ ಎಲ್ಲಿ ದೂರು ಸಲ್ಲಿಸಬೇಕು ಎಂಬ ವಿವರಗಳನ್ನು ನಾಗರಿಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

1. ಈ ಶಸ್ತ್ರಚಿಕಿತ್ಸೆ ಎಂದರೇನು?

ಜಠರದ ಗಾತ್ರವನ್ನು ಕಡಿಮೆ ಮಾಡುವ ಅಥವಾ ಆಹಾರವು ಸಾಗುವ ಮಾರ್ಗವನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಗಳನ್ನು ಒಟ್ಟಾಗಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎನ್ನಲಾಗುತ್ತದೆ. ಇವುಗಳಲ್ಲಿ ಎರಡು ವಿಧಗಳು ಹೆಚ್ಚು ಬಳಕೆಯಲ್ಲಿವೆ. ‘ಸ್ಲೀವ್ ಗ್ಯಾಸ್ಟ್ರೆಕ್ಟಮಿ’ ವಿಧಾನದಲ್ಲಿ ಜಠರದ ಬಹುಭಾಗವನ್ನು ತೆಗೆದು, ಉಳಿದ ಭಾಗವನ್ನು ಕೊಳವೆಯ ಆಕಾರಕ್ಕೆ ತರಲಾಗುತ್ತದೆ. ‘ಗ್ಯಾಸ್ಟ್ರಿಕ್ ಬೈಪಾಸ್’ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕದೊಂದು ಚೀಲವನ್ನು ರಚಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸಲಾಗುತ್ತದೆ. ಸಾಮಾನ್ಯವಾಗಿ ಇವೆರಡನ್ನೂ ಲ್ಯಾಪರೋಸ್ಕೋಪಿ ವಿಧಾನದಲ್ಲಿ, ಅಂದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ ನೆರವೇರಿಸಲಾಗುತ್ತದೆ.

ದೇಹದ ಕೊಬ್ಬನ್ನು ಹೀರಿ ತೆಗೆಯುವ ‘ಲೈಪೋಸಕ್ಷನ್’ ಬೇರೆಯೇ ಆದ ಚಿಕಿತ್ಸೆಯಾಗಿದ್ದು, ಅದನ್ನು ಸಾಮಾನ್ಯವಾಗಿ ಸೌಂದರ್ಯ ಚಿಕಿತ್ಸೆಯೆಂದೇ ಪರಿಗಣಿಸಲಾಗುತ್ತದೆ. ಸಾರ್ವಜನಿಕರು ಇವೆರಡನ್ನೂ ಒಂದೇ ಎಂದು ಭಾವಿಸಬಾರದು. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಉದ್ದೇಶ ಮಧುಮೇಹ, ಹೃದ್ರೋಗ, ನಿದ್ರೆಯಲ್ಲಿ ಉಸಿರಾಟ ನಿಲ್ಲುವಿಕೆ ಮುಂತಾದ ಕಾಯಿಲೆಗಳ ನಿಯಂತ್ರಣವೇ ಹೊರತು ರೂಪದ ತಿದ್ದುಪಡಿಯಲ್ಲ. ಶಸ್ತ್ರಚಿಕಿತ್ಸೆಯ ನಂತರ ಆಹಾರ ಕ್ರಮವನ್ನು ಜೀವನಪರ್ಯಂತ ಪಾಲಿಸಬೇಕಾಗುತ್ತದೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ಬಿ-12 ಮತ್ತು ಡಿ ಜೀವಸತ್ವಗಳನ್ನು ವೈದ್ಯರ ಸಲಹೆಯಂತೆ ಸೇವಿಸುತ್ತಿರಬೇಕಾಗುತ್ತದೆ. ಆದ್ದರಿಂದ ಇದು ಆತುರದಲ್ಲಿ ತೀರ್ಮಾನಿಸುವ ವಿಷಯವಲ್ಲ.

2. ವಿಮಾ ನಿಯಮ ಏನು ಹೇಳುತ್ತದೆ?

ಹಿಂದೆ ಬಹುತೇಕ ಪಾಲಿಸಿಗಳಲ್ಲಿ ಸ್ಥೂಲಕಾಯದ ಚಿಕಿತ್ಸೆಯನ್ನು ಸಂಪೂರ್ಣವಾಗಿ ಹೊರಗಿಡಲಾಗುತ್ತಿತ್ತು. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್ ತಿಂಗಳಿನಲ್ಲಿ ಆರೋಗ್ಯ ವಿಮಾ ಪಾಲಿಸಿಗಳ ಹೊರಪಡಿಕೆಗಳನ್ನು ಏಕರೂಪಗೊಳಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಅದರಲ್ಲಿ ಸ್ಥೂಲಕಾಯ ಮತ್ತು ತೂಕ ನಿಯಂತ್ರಣ ಕುರಿತ ಹೊರಪಡಿಕೆಗೆ 6ನೇ ಸಂಕೇತ ಸಂಖ್ಯೆಯನ್ನು ನೀಡಲಾಗಿದೆ. ಪಾಲಿಸಿ ಪತ್ರದಲ್ಲಿ ‘ಎಕ್ಸೆಲ್ 06’ ಎಂಬ ಸಂಕೇತದ ಮುಂದೆ ಇದನ್ನು ಕಾಣಬಹುದು.

ಸದರಿ ಹೊರಪಡಿಕೆಯ ಪ್ರಕಾರ ಈ ಕೆಳಕಂಡ ನಾಲ್ಕೂ ಷರತ್ತುಗಳನ್ನು ಪೂರೈಸದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಿಮಾ ಕಂಪನಿಯು ಭರಿಸುವುದಿಲ್ಲ:

(ಅ) ಶಸ್ತ್ರಚಿಕಿತ್ಸೆಯು ವೈದ್ಯರ ಸಲಹೆಯ ಮೇರೆಗೆ ನಡೆಯಬೇಕು.
(ಆ) ಶಸ್ತ್ರಚಿಕಿತ್ಸೆಗೆ ವೈದ್ಯಕೀಯ ಚಿಕಿತ್ಸಾ ಕ್ರಮಗಳ ಆಧಾರವಿರಬೇಕು.
(ಇ) ರೋಗಿಗೆ 18 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾಗಿರಬೇಕು.
(ಈ) ದೇಹತೂಕ ಸೂಚ್ಯಂಕವು 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಥವಾ ಸೂಚ್ಯಂಕವು 35 ಅಥವಾ ಅದಕ್ಕಿಂತ ಹೆಚ್ಚಿದ್ದು, ಶಸ್ತ್ರಚಿಕಿತ್ಸೆಯಲ್ಲದ ಸೌಮ್ಯ ವಿಧಾನಗಳಿಂದ ತೂಕ ಇಳಿಸುವ ಪ್ರಯತ್ನವು ವಿಫಲವಾಗಿ, ಮುಂದೆ ತಿಳಿಸಿರುವ ನಾಲ್ಕು ತೀವ್ರ ಕಾಯಿಲೆಗಳಲ್ಲಿ ಯಾವುದಾದರೂ ಒಂದು ಇರಬೇಕು.

ಆ ನಾಲ್ಕು ಕಾಯಿಲೆಗಳೆಂದರೆ: (1) ಸ್ಥೂಲಕಾಯದಿಂದ ಉಂಟಾದ ಹೃದಯ ಸ್ನಾಯುವಿನ ಕಾಯಿಲೆ, (2) ಹೃದಯದ ರಕ್ತನಾಳಗಳ ಕಾಯಿಲೆ, (3) ನಿದ್ರೆಯಲ್ಲಿ ಉಸಿರಾಟ ನಿಲ್ಲುವ ತೀವ್ರ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ, (4) ಹತೋಟಿಗೆ ಬಾರದ ಎರಡನೇ ಬಗೆಯ ಮಧುಮೇಹ.

ಮೇಲ್ಕಂಡ ಷರತ್ತು ಹೊರಪಡಿಕೆಯ ರೂಪದಲ್ಲಿದ್ದರೂ ಅದರ ತಾತ್ಪರ್ಯವು ಪಾಲಿಸಿದಾರರ ಪರವಾಗಿಯೂ ಇದೆ. ನಾಲ್ಕೂ ಷರತ್ತುಗಳು ಪೂರೈಕೆಯಾಗಿದ್ದಲ್ಲಿ, ‘ಇದು ತೂಕ ಇಳಿಸುವ ಚಿಕಿತ್ಸೆ’ ಎಂಬ ಕಾರಣ ಮಾತ್ರದಿಂದ ಈ ಹೊರಪಡಿಕೆಯನ್ನು ಅನ್ವಯಿಸಿ ಕ್ಲೇಮು ತಿರಸ್ಕರಿಸಲು ಅವಕಾಶವಿಲ್ಲ.

ಅಧಿಕ ರಕ್ತದೊತ್ತಡ, ಮಂಡಿ ನೋವು, ಪಿತ್ತಜನಕಾಂಗದಲ್ಲಿ ಕೊಬ್ಬು ಸಂಗ್ರಹ, ಸಂತಾನಹೀನತೆ ಮುಂತಾದವು ಸ್ಥೂಲಕಾಯದೊಂದಿಗೆ ಕಂಡುಬರುವ ತೊಂದರೆಗಳೇ ಆಗಿದ್ದರೂ ಮೇಲಿನ ಪಟ್ಟಿಯಲ್ಲಿ ಸೇರಿಲ್ಲ. ಸೂಚ್ಯಂಕವು 35 ಮತ್ತು 40ರ ನಡುವೆ ಇರುವವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

3. ದೇಹತೂಕ ಸೂಚ್ಯಂಕವನ್ನು ಲೆಕ್ಕ ಹಾಕುವ ವಿಧಾನ

ಕಿಲೋಗ್ರಾಂಗಳಲ್ಲಿರುವ ತೂಕವನ್ನು, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ದೇಹತೂಕ ಸೂಚ್ಯಂಕ. ಆಸ್ಪತ್ರೆಗಳಲ್ಲಿ ಇದನ್ನು ಬಿಎಂಐ ಎಂದು ನಮೂದಿಸುತ್ತಾರೆ.

ಉದಾಹರಣೆ 1: ಎತ್ತರ 1.62 ಮೀಟರ್, ತೂಕ 105 ಕಿಲೋ. ಎತ್ತರದ ವರ್ಗ 2.6244. ಸೂಚ್ಯಂಕ 40.0. ಇವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಸೂಚ್ಯಂಕದ ಷರತ್ತು ಪೂರೈಕೆಯಾಗುತ್ತದೆ.

ಉದಾಹರಣೆ 2: ಎತ್ತರ 1.55 ಮೀಟರ್, ತೂಕ 86 ಕಿಲೋ. ಎತ್ತರದ ವರ್ಗ 2.4025. ಸೂಚ್ಯಂಕ 35.8. ಇವರಿಗೆ ಮೇಲೆ ತಿಳಿಸಿದ ನಾಲ್ಕು ಕಾಯಿಲೆಗಳಲ್ಲಿ ಒಂದು ಇರುವುದು ಅವಶ್ಯಕ.

ಎತ್ತರವನ್ನು ಒಂದೆರಡು ಸೆಂಟಿಮೀಟರ್ ತಪ್ಪಾಗಿ ಬರೆದರೂ ಸೂಚ್ಯಂಕವು ಮಿತಿಯ ಕೆಳಗೆ ಇಳಿಯಬಹುದು. ಮೊದಲನೇ ಉದಾಹರಣೆಯಲ್ಲಿ ಎತ್ತರವನ್ನು 1.64 ಮೀಟರ್ ಎಂದು ಬರೆದಲ್ಲಿ ಸೂಚ್ಯಂಕವು 39.0ಕ್ಕೆ ಇಳಿಯುತ್ತದೆ. ಆದ್ದರಿಂದ ಪಾದರಕ್ಷೆ ಇಲ್ಲದೆ ಎತ್ತರವನ್ನು ಅಳತೆ ಮಾಡಿಸಿ, ಎಲ್ಲ ದಾಖಲೆಗಳಲ್ಲಿಯೂ ಒಂದೇ ಅಳತೆ ಇರುವಂತೆ ನೋಡಿಕೊಳ್ಳುವುದು.

4. ವೈದ್ಯರ ಸಲಹೆಗೂ ವಿಮಾ ಷರತ್ತಿಗೂ ಇರುವ ಅಂತರ

‘ವೈದ್ಯರೇ ಶಸ್ತ್ರಚಿಕಿತ್ಸೆ ಬೇಕೆಂದು ಬರೆದುಕೊಟ್ಟಿರುವಾಗ ವಿಮಾ ಕಂಪನಿಯು ನಿರಾಕರಿಸುವುದು ಹೇಗೆ?’ ಎಂಬ ಪ್ರಶ್ನೆ ಸಹಜವಾದುದು. 40 ಮತ್ತು 35 ಎಂಬ ಮಿತಿಗಳು 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಏರ್ಪಡಿಸಿದ್ದ ತಜ್ಞರ ಸಭೆಯ ಶಿಫಾರಸಿನಲ್ಲಿ ಕಂಡುಬರುವಂತಹವು. ಏಷ್ಯಾದ ಜನರಲ್ಲಿ ಕಡಿಮೆ ಸೂಚ್ಯಂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗಗಳು ಕಾಣಿಸಿಕೊಳ್ಳುವುದರಿಂದ, ಭಾರತೀಯ ಶಸ್ತ್ರಚಿಕಿತ್ಸಕರು ಇದಕ್ಕಿಂತ ಕಡಿಮೆ ಮಿತಿಗಳನ್ನು ಅನುಸರಿಸುತ್ತಾ ಬಂದಿದ್ದಾರೆ. 2022ರಲ್ಲಿ ಎರಡು ತಜ್ಞ ಸಂಘಗಳು ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, 35ಕ್ಕಿಂತ ಹೆಚ್ಚಿನ ಸೂಚ್ಯಂಕವಿರುವವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡಲಾಗಿದ್ದು, ಏಷ್ಯಾದ ಜನರಿಗೆ 27.5ರಷ್ಟು ಕಡಿಮೆ ಮಿತಿಯನ್ನು ಸೂಚಿಸಲಾಗಿದೆ.

ಹೀಗಾಗಿ 33ರ ಸೂಚ್ಯಂಕವಿರುವ ಮಧುಮೇಹ ರೋಗಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸಿದಲ್ಲಿ ಆ ಸಲಹೆಯು ತಪ್ಪೇನಲ್ಲ. ಆದರೆ ವಿಮಾ ಪಾಲಿಸಿಯು ಒಂದು ಕರಾರು ಆಗಿದ್ದು, ಹಣ ಪಾವತಿಯು ಕರಾರಿನ ಷರತ್ತುಗಳಿಗೆ ಒಳಪಟ್ಟಿರುತ್ತದೆ. ಇಂತಹ ಸಂದರ್ಭದಲ್ಲಿ ವೆಚ್ಚವನ್ನು ರೋಗಿಯೇ ಭರಿಸಬೇಕಾಗಿ ಬರಬಹುದು ಎಂಬುದನ್ನು ಮುಂಚಿತವಾಗಿ ಅರಿತಿರುವುದು ಒಳಿತು. ಕೆಲವು ಪಾಲಿಸಿಗಳು ನಿಯಮಕ್ಕಿಂತ ಹೆಚ್ಚಿನ ಸೌಲಭ್ಯ ನೀಡಬಹುದಾಗಿದ್ದು, ಇನ್ನು ಕೆಲವು ಈ ಚಿಕಿತ್ಸೆಗೆ ಪ್ರತ್ಯೇಕ ಗರಿಷ್ಠ ಮಿತಿ ವಿಧಿಸಿರಬಹುದು. ಆದ್ದರಿಂದ ಅವರವರ ಪಾಲಿಸಿ ಪತ್ರವನ್ನು ಓದುವುದು ಅನಿವಾರ್ಯ.

5. ಕಾಯುವ ಅವಧಿ ಮತ್ತು ಸತ್ಯಾಂಶ ಪ್ರಕಟಣೆ

ಪಾಲಿಸಿ ಪಡೆದ ಕೂಡಲೇ ಈ ಶಸ್ತ್ರಚಿಕಿತ್ಸೆಗೆ ಹಣ ದೊರೆಯುವುದಿಲ್ಲ. ಪಾಲಿಸಿ ಪಡೆಯುವ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಾವಳಿಯಂತೆ ಈ ಅವಧಿಯು ಗರಿಷ್ಠ 36 ತಿಂಗಳುಗಳಿಗೆ ಮೀರುವಂತಿಲ್ಲ. ಅದಕ್ಕೂ ಹಿಂದೆ ಇದು 48 ತಿಂಗಳುಗಳಿತ್ತು. ನಿರ್ದಿಷ್ಟ ಚಿಕಿತ್ಸೆಗಳಿಗೆ ಪಾಲಿಸಿಯಲ್ಲಿ ಪ್ರತ್ಯೇಕ ಕಾಯುವ ಅವಧಿ ಇದ್ದಲ್ಲಿ ಅದಕ್ಕೂ ಇದೇ ಗರಿಷ್ಠ ಮಿತಿ ಅನ್ವಯವಾಗುತ್ತದೆ. ಉದ್ಯೋಗದಾತರ ಮೂಲಕ ದೊರೆಯುವ ಗುಂಪು ವಿಮೆಯಲ್ಲಿ ಷರತ್ತುಗಳು ಭಿನ್ನವಾಗಿರಬಹುದಾದ ಕಾರಣ, ತಮ್ಮ ಸಂಸ್ಥೆಯ ಸಿಬ್ಬಂದಿ ವಿಭಾಗದಿಂದ ಲಿಖಿತ ಮಾಹಿತಿ ಪಡೆಯುವುದು ಸೂಕ್ತ.

ಪಾಲಿಸಿಗೆ ಅರ್ಜಿ ಸಲ್ಲಿಸುವಾಗ ಎತ್ತರ, ತೂಕ, ಮಧುಮೇಹ, ರಕ್ತದೊತ್ತಡ ಮುಂತಾದ ವಿವರಗಳನ್ನು ಮರೆಮಾಚಬಾರದು. ಪ್ರೀಮಿಯಂ ಹೆಚ್ಚಾಗುವುದೆಂದು ಅಥವಾ ಸಂಕೋಚದಿಂದ ತೂಕವನ್ನು ಕಡಿಮೆ ನಮೂದಿಸಿದಲ್ಲಿ, ಮುಂದೆ ಅದೇ ಕಾರಣಕ್ಕೆ ಕ್ಲೇಮು ತಿರಸ್ಕೃತವಾಗಿ ಪಾಲಿಸಿಯೇ ರದ್ದಾಗುವ ಸಂಭವವಿರುತ್ತದೆ. ಏಜೆಂಟರು ಅರ್ಜಿ ನಮೂನೆಯನ್ನು ಭರ್ತಿ ಮಾಡಿದರೂ ಸಹಿ ಅರ್ಜಿದಾರರದ್ದೇ ಆಗಿರುವುದರಿಂದ, ಓದಿ ನೋಡದೆ ಸಹಿ ಹಾಕಬಾರದು. ಪಾಲಿಸಿಯನ್ನು ಸತತವಾಗಿ 60 ತಿಂಗಳು ಮುಂದುವರಿಸಿದ ನಂತರ, ವಂಚನೆ ಸಾಬೀತಾದ ಪ್ರಕರಣಗಳನ್ನು ಹೊರತುಪಡಿಸಿ, ಮಾಹಿತಿ ಮರೆಮಾಚಿದ ಕಾರಣ ನೀಡಿ ಕ್ಲೇಮನ್ನು ಪ್ರಶ್ನಿಸಲು ಕಂಪನಿಗೆ ಅವಕಾಶವಿಲ್ಲ. ಒಂದು ಕಂಪನಿಯಿಂದ ಮತ್ತೊಂದು ಕಂಪನಿಗೆ ಪಾಲಿಸಿಯನ್ನು ವರ್ಗಾಯಿಸಿಕೊಂಡಲ್ಲಿ, ಹಿಂದಿನ ವಿಮಾ ಮೊತ್ತದ ಮಟ್ಟಿಗೆ ಈಗಾಗಲೇ ಪೂರೈಸಿದ ಕಾಯುವ ಅವಧಿಯು ಪರಿಗಣಿತವಾಗುತ್ತದೆ. ಪ್ರೀಮಿಯಂ ಪಾವತಿಸದೆ ಪಾಲಿಸಿ ಕಡಿದುಹೋದಲ್ಲಿ ಈ ಅನುಕೂಲವೂ ಕೈತಪ್ಪಬಹುದು.

6. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಕ್ಲೇಮಿನ ಅಳಿವು ಉಳಿವು ಬಹುಮಟ್ಟಿಗೆ ದಾಖಲೆಗಳನ್ನು ಅವಲಂಬಿಸಿರುತ್ತದೆ. ಶಸ್ತ್ರಚಿಕಿತ್ಸೆಯ ದಿನಾಂಕ ನಿಗದಿಪಡಿಸುವ ಮೊದಲೇ ಈ ಕೆಳಕಂಡವುಗಳನ್ನು ಸಂಗ್ರಹಿಸಿಟ್ಟುಕೊಳ್ಳುವುದು:

(ಅ) ಎತ್ತರ, ತೂಕ ಮತ್ತು ಸೂಚ್ಯಂಕವನ್ನು ದಿನಾಂಕ ಸಹಿತ ನಮೂದಿಸಿದ ವೈದ್ಯರ ಪತ್ರ.
(ಆ) ಶಸ್ತ್ರಚಿಕಿತ್ಸೆಯ ಹೆಸರು, ಅದು ಈ ರೋಗಿಗೆ ಏಕೆ ಅವಶ್ಯಕ ಎಂಬ ಕಾರಣ ಮತ್ತು ಅನುಸರಿಸಿದ ಚಿಕಿತ್ಸಾ ಕ್ರಮವನ್ನು ವಿವರಿಸಿದ ಶಸ್ತ್ರಚಿಕಿತ್ಸಕರ ಪತ್ರ.
(ಇ) ಆಹಾರ ನಿಯಂತ್ರಣ, ವ್ಯಾಯಾಮ, ಔಷಧಿ ಇವುಗಳಿಂದ ತೂಕ ಇಳಿಸಲು ಮಾಡಿದ ಪ್ರಯತ್ನಗಳ ದಾಖಲೆ: ಆಹಾರ ತಜ್ಞರ ಚೀಟಿಗಳು, ತಿಂಗಳುವಾರು ತೂಕದ ವಿವರ, ಔಷಧಿ ಚೀಟಿಗಳು.
(ಈ) ಕಾಯಿಲೆಗೆ ಸಂಬಂಧಿಸಿದ ಪರೀಕ್ಷಾ ವರದಿಗಳು. ಮಧುಮೇಹಕ್ಕೆ ಎಚ್‌ಬಿಎ1ಸಿ ವರದಿಗಳು, ಉಸಿರಾಟದ ತೊಂದರೆಗೆ ನಿದ್ರಾ ಪರೀಕ್ಷೆಯ ವರದಿ, ಹೃದ್ರೋಗಕ್ಕೆ ಎಕೋ ಅಥವಾ ಆಂಜಿಯೋಗ್ರಾಂ ವರದಿ.
(ಉ) ವಯಸ್ಸಿನ ದಾಖಲೆ, ಪಾಲಿಸಿಯ ಪ್ರತಿ ಮತ್ತು ಹಿಂದಿನ ವರ್ಷಗಳ ನವೀಕರಣ ಪತ್ರಗಳು.

ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ನೀಡಬಹುದು. ನಲವತ್ತಾರು ವರ್ಷದ ಶಿಕ್ಷಕಿಯೊಬ್ಬರ ಸೂಚ್ಯಂಕ 35.8. ಇನ್ಸುಲಿನ್ ತೆಗೆದುಕೊಂಡರೂ ಮಧುಮೇಹ ಹತೋಟಿಗೆ ಬಂದಿಲ್ಲ. ಮೂರು ವರ್ಷ ಆಹಾರ ನಿಯಂತ್ರಣ ಮಾಡಿದ್ದಾರೆ. ನಿಯಮದ ಪ್ರಕಾರ ಇವರು ಅರ್ಹರು. ಆದರೆ ಆಸ್ಪತ್ರೆಯ ಪತ್ರದಲ್ಲಿ ‘ತೂಕ ಇಳಿಕೆಗಾಗಿ ಶಸ್ತ್ರಚಿಕಿತ್ಸೆ’ ಎಂಬ ಒಂದೇ ಸಾಲು ಇದೆ. ಮಧುಮೇಹದ ಉಲ್ಲೇಖವಿಲ್ಲ, ಹಿಂದಿನ ಪ್ರಯತ್ನಗಳ ಉಲ್ಲೇಖವೂ ಇಲ್ಲ. ಕಡತವನ್ನು ಪರಿಶೀಲಿಸುವ ಅಧಿಕಾರಿಗೆ ರೋಗಿಯ ಮುಖ ಕಾಣುವುದಿಲ್ಲ, ಕಾಗದ ಮಾತ್ರ ಕಾಣುತ್ತದೆ. ಅರ್ಹತೆ ಇದ್ದೂ ಕ್ಲೇಮು ತಿರಸ್ಕೃತವಾಗುವುದು ಹೀಗೆ. ಮೂರು ವಾಕ್ಯಗಳ ಪೂರ್ಣ ಪತ್ರವು ಇಂತಹ ನಷ್ಟವನ್ನು ತಪ್ಪಿಸಬಲ್ಲದು. ಪತ್ರವನ್ನು ಪಡೆಯುವಾಗ ಮೇಲಿನ ನಾಲ್ಕು ಷರತ್ತುಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಇರುವ ಸತ್ಯಾಂಶಗಳನ್ನೆಲ್ಲ ಬರೆಯುವಂತೆ ವಿನಂತಿಸಲು ಸಂಕೋಚಪಡಬೇಕಾಗಿಲ್ಲ.

7. ಪೂರ್ವಾನುಮತಿ

ಇದು ಮೊದಲೇ ದಿನಾಂಕ ನಿಗದಿಪಡಿಸಿ ಮಾಡುವ ಶಸ್ತ್ರಚಿಕಿತ್ಸೆಯಾದುದರಿಂದ, ದಾಖಲಾಗುವ ಮುನ್ನವೇ ವಿಮಾ ಕಂಪನಿಯ ಲಿಖಿತ ಅನುಮತಿ ಪಡೆಯುವುದು ಅತ್ಯಂತ ಸುರಕ್ಷಿತ ಮಾರ್ಗ. ಕಂಪನಿಯ ಪಟ್ಟಿಯಲ್ಲಿರುವ ಆಸ್ಪತ್ರೆಯಾದಲ್ಲಿ ಅಲ್ಲಿನ ವಿಮಾ ವಿಭಾಗವೇ ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಕಳುಹಿಸುತ್ತದೆ. 2024ರ ಮೇ ತಿಂಗಳ ಮಾಸ್ಟರ್ ಸುತ್ತೋಲೆಯಂತೆ ಇಂತಹ ಕೋರಿಕೆಯ ಬಗ್ಗೆ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ಬಿಡುಗಡೆಯ ಸಮಯದ ಅಂತಿಮ ಅನುಮತಿಯನ್ನು ಮೂರು ಗಂಟೆಯೊಳಗೆ ನೀಡಬೇಕು.

ನಗದುರಹಿತ ಕೋರಿಕೆಯನ್ನು ನಿರಾಕರಿಸಿದ ಮಾತ್ರಕ್ಕೆ ಕ್ಲೇಮು ಅಂತಿಮವಾಗಿ ತಿರಸ್ಕೃತವಾಯಿತೆಂದು ತಿಳಿಯಬಾರದು. ದಾಖಲೆಗಳ ಕೊರತೆಯಿಂದ ನಿರಾಕರಿಸಿದ್ದಲ್ಲಿ ಅವುಗಳನ್ನು ಒದಗಿಸಿ ಮತ್ತೊಮ್ಮೆ ಕೋರಬಹುದು, ಅಥವಾ ಹಣ ಪಾವತಿಸಿ ನಂತರ ಮರುಪಾವತಿಗೆ ಅರ್ಜಿ ಸಲ್ಲಿಸಬಹುದು. ಆದರೆ ನಿರಾಕರಣೆಯ ಕಾರಣವು ಸೂಚ್ಯಂಕದ ಮಿತಿ ಅಥವಾ ಕಾಯುವ ಅವಧಿ ಆಗಿದ್ದಲ್ಲಿ, ಮರುಪಾವತಿಯ ಭರವಸೆಯ ಮೇಲೆ ಸಾಲ ಮಾಡುವ ಮುನ್ನ ಚೆನ್ನಾಗಿ ಆಲೋಚಿಸುವುದು ಅವಶ್ಯಕ.

8. ಕೈಗೆ ಬರುವ ಹಣದ ಲೆಕ್ಕ

ಎಲ್ಲ ಸಾಮಾನ್ಯ ಮತ್ತು ಆರೋಗ್ಯ ವಿಮಾ ಕಂಪನಿಗಳಲ್ಲಿ 2020ರಿಂದ ದೊರೆಯುತ್ತಿರುವ ‘ಆರೋಗ್ಯ ಸಂಜೀವನಿ’ ಎಂಬ ಏಕರೂಪದ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ 2, ಗರಿಷ್ಠ ದಿನಕ್ಕೆ ರೂ. 5,000 ಎಂಬ ಮಿತಿ ಇದೆ. ಕ್ಲೇಮಿನ ಶೇಕಡಾ 5 ಭಾಗವನ್ನು ಪಾಲಿಸಿದಾರರೇ ಭರಿಸಬೇಕು. ವಿಮಾ ಮೊತ್ತ ರೂ. 5 ಲಕ್ಷ ಇದ್ದು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ ರೋಗಿಯ ಬಿಲ್ಲು ಈ ಕೆಳಗಿನಂತಿದೆ ಎಂದು ಭಾವಿಸೋಣ. ಮೊತ್ತಗಳು ಉದಾಹರಣೆಗೆ ಮಾತ್ರ.

ಕೊಠಡಿ, ದಿನಕ್ಕೆ ರೂ. 8,000ರಂತೆ: ರೂ. 32,000
ವೈದ್ಯರ, ಶಸ್ತ್ರಚಿಕಿತ್ಸಾ ಕೊಠಡಿಯ, ಅರಿವಳಿಕೆಯ ಶುಲ್ಕ: ರೂ. 1,60,000
ಔಷಧಿ, ಸ್ಟೇಪ್ಲರ್ ಮುಂತಾದ ಸಾಧನಗಳು, ಪರೀಕ್ಷೆಗಳು: ರೂ. 2,28,000
ಒಟ್ಟು: ರೂ. 4,20,000

ಕೊಠಡಿಯ ಮಿತಿ ರೂ. 5,000 ಆಗಿದ್ದು ರೂ. 8,000ದ ಕೊಠಡಿಯನ್ನು ಪಡೆದ ಕಾರಣ, ವೈದ್ಯರ ಶುಲ್ಕ ಮುಂತಾದ ಎರಡನೇ ಬಾಬ್ತು ಸಹ 5/8ರ ಪ್ರಮಾಣಕ್ಕೆ ಇಳಿಯುತ್ತದೆ. ಔಷಧಿ, ಸಾಧನ ಮತ್ತು ಪರೀಕ್ಷೆಗಳಿಗೆ ಈ ಪ್ರಮಾಣಾನುಸಾರ ಕಡಿತವನ್ನು ಅನ್ವಯಿಸುವಂತಿಲ್ಲ. ಅದರಂತೆ 20,000 + 1,00,000 + 2,28,000 = ರೂ. 3,48,000. ಶೇಕಡಾ 5ರ ಸಹಪಾವತಿ ರೂ. 17,400 ಕಳೆದು ದೊರೆಯುವ ಮೊತ್ತ ರೂ. 3,30,600. ರೋಗಿಯ ಪಾಲು ರೂ. 89,400.

ಅದೇ ರೋಗಿಯು ರೂ. 5,000ದ ಕೊಠಡಿಯಲ್ಲಿದ್ದು ಉಳಿದ ಶುಲ್ಕಗಳು ಬದಲಾಗದಿದ್ದಲ್ಲಿ ಒಟ್ಟು ಬಿಲ್ಲು ರೂ. 4,08,000, ರೋಗಿಯ ಪಾಲು ರೂ. 20,400 ಮಾತ್ರ. ಅಂದರೆ ಕೊಠಡಿಯ ಬಾಡಿಗೆಯಲ್ಲಿನ ರೂ. 12,000 ವ್ಯತ್ಯಾಸವು ರೋಗಿಯ ಮೇಲೆ ರೂ. 69,000 ಹೆಚ್ಚುವರಿ ಹೊರೆಯಾಗಿ ಬೀಳುತ್ತದೆ. ದಾಖಲಾಗುವ ದಿನವೇ ಕೊಠಡಿಯ ಮಿತಿಯನ್ನು ವಿಚಾರಿಸುವುದು ಇದೇ ಕಾರಣಕ್ಕೆ ಮುಖ್ಯ.

ತೂಕ ಇಳಿದ ನಂತರ ಸಡಿಲಗೊಂಡ ಚರ್ಮವನ್ನು ರೂಪಕ್ಕಾಗಿ ತೆಗೆಸುವ ಶಸ್ತ್ರಚಿಕಿತ್ಸೆಯು ಸೌಂದರ್ಯ ಚಿಕಿತ್ಸೆಯ ಹೊರಪಡಿಕೆಗೆ ಒಳಪಡುತ್ತದೆ. ಪಾಲಿಸಿಯಲ್ಲಿ ತಿಳಿಸಿದ ಅವಧಿಯ ನಂತರದ ಜೀವಸತ್ವದ ಮಾತ್ರೆಗಳು, ಆಹಾರ ತಜ್ಞರ ಶುಲ್ಕ ಮುಂತಾದವುಗಳಿಗೂ ಸಾಮಾನ್ಯವಾಗಿ ಹಣ ದೊರೆಯುವುದಿಲ್ಲ. ಈ ವೆಚ್ಚವನ್ನು ಕುಟುಂಬದ ಆಯವ್ಯಯದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಉತ್ತಮ.

9. ಸರ್ಕಾರಿ ಯೋಜನೆಗಳು

ಮೇಲಿನ ನಿಯಮಗಳು ವಿಮಾ ಕಂಪನಿಗಳ ಪಾಲಿಸಿಗಳಿಗೆ ಸಂಬಂಧಿಸಿದವು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು ನಿಗದಿತ ಚಿಕಿತ್ಸಾ ಪ್ಯಾಕೇಜುಗಳ ಪಟ್ಟಿಯ ಆಧಾರದ ಮೇಲೆ ನಡೆಯುತ್ತದೆ. ಸಾಮಾನ್ಯವಾಗಿ ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾಗಿದ್ದು, ಅಲ್ಲಿ ಸೌಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಆದ್ದರಿಂದ ತಮಗೆ ಸೂಚಿಸಿರುವ ಶಸ್ತ್ರಚಿಕಿತ್ಸೆಯು ಪಟ್ಟಿಯಲ್ಲಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡ ನಂತರವೇ ಮುಂದುವರಿಯುವುದು. ಯಶಸ್ವಿನಿ ಯೋಜನೆಯ ಸದಸ್ಯರು ತಮ್ಮ ಯೋಜನೆಯ ಪಟ್ಟಿಯನ್ನು ಇದೇ ರೀತಿ ಪರಿಶೀಲಿಸಬೇಕು. ಸರ್ಕಾರಿ ನೌಕರರು, ಪಿಂಚಣಿದಾರರು ಹಾಗೂ ಇಎಸ್‌ಐ ಸದಸ್ಯರು ತಮಗೆ ಅನ್ವಯಿಸುವ ವೈದ್ಯಕೀಯ ನಿಯಮಗಳಂತೆ ಸಕ್ಷಮ ಪ್ರಾಧಿಕಾರದ ಅನುಮತಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚಿತವಾಗಿ ಪಡೆಯುವುದು ಸೂಕ್ತ.

10. ಕ್ಲೇಮು ತಿರಸ್ಕೃತವಾದಲ್ಲಿ

ಮೊದಲನೆಯ ಹಂತ: ತಿರಸ್ಕಾರವನ್ನು ಪಾಲಿಸಿಯ ಷರತ್ತನ್ನು ಉಲ್ಲೇಖಿಸಿ ಲಿಖಿತವಾಗಿ ನೀಡುವಂತೆ ಕೋರುವುದು. ಕಂಪನಿಯ ಕ್ಲೇಮು ಪರಿಶೀಲನಾ ಸಮಿತಿಯ ಅನುಮೋದನೆಯಿಲ್ಲದೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದಾಖಲೆಗಳೊಂದಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು.

ಎರಡನೆಯ ಹಂತ: ವಿಮಾ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ದೂರವಾಣಿ ಸಂಖ್ಯೆಯ ಮೂಲಕ ದೂರು ದಾಖಲಿಸಬಹುದು.

ಮೂರನೆಯ ಹಂತ: ಕಂಪನಿಯು ಒಂದು ತಿಂಗಳೊಳಗೆ ಉತ್ತರಿಸದಿದ್ದಲ್ಲಿ ಅಥವಾ ಉತ್ತರವು ಸಮಾಧಾನಕರವಾಗಿಲ್ಲದಿದ್ದಲ್ಲಿ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿಯು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರ ಅವಶ್ಯಕತೆಯೂ ಇಲ್ಲ. ರೂ. 50 ಲಕ್ಷದವರೆಗಿನ ಪರಿಹಾರವನ್ನು ಇಲ್ಲಿ ಕೋರಬಹುದು. ಗುಂಪು ವಿಮೆಯ ಸದಸ್ಯರೂ ದೂರು ಸಲ್ಲಿಸಬಹುದು. ಆದೇಶವನ್ನು ಕಂಪನಿಯು 30 ದಿನಗಳೊಳಗೆ ಪಾಲಿಸಬೇಕು.

ನಾಲ್ಕನೆಯ ಹಂತ: ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಅಡಿಯಲ್ಲಿ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ದಾಖಲಿಸಬಹುದು. ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕರ ಆಯೋಗದಲ್ಲಿ ಬಾಕಿ ಇರುವ ವಿಷಯವನ್ನು ಒಂಬುಡ್ಸ್‌ಮನ್ ಅವರು ಪರಿಗಣಿಸುವುದಿಲ್ಲವಾದ್ದರಿಂದ, ಯಾವ ಮಾರ್ಗ ಮೊದಲು ಎಂಬುದನ್ನು ಯೋಚಿಸಿ ನಿರ್ಧರಿಸುವುದು.

ಸಾರ್ವಜನಿಕರಲ್ಲಿ ಮನವಿ

ಸ್ಥೂಲಕಾಯವು ನಗೆಪಾಟಲಿನ ವಿಷಯವಲ್ಲ, ಸೋಮಾರಿತನದ ಗುರುತೂ ಅಲ್ಲ. ಅದು ಚಿಕಿತ್ಸೆ ಬೇಡುವ ಕಾಯಿಲೆ. ಸಂಕೋಚದಿಂದ ಪ್ರಶ್ನೆ ಕೇಳದೆ ಇರುವವರು ತಮಗೆ ನ್ಯಾಯವಾಗಿ ಸಲ್ಲಬೇಕಾದ ಸೌಲಭ್ಯವನ್ನು ಕಳೆದುಕೊಳ್ಳುತ್ತಾರೆ. ಪಾಲಿಸಿ ಪತ್ರವನ್ನು ಓದುವುದು, ಸತ್ಯವಾದ ವಿವರ ನೀಡುವುದು, ಪೂರ್ಣವಾದ ವೈದ್ಯರ ಪತ್ರ ಪಡೆಯುವುದು, ಮುಂಚಿತವಾಗಿ ಅನುಮತಿ ಕೋರುವುದು ಈ ನಾಲ್ಕು ಕೆಲಸಗಳನ್ನು ಶಸ್ತ್ರಚಿಕಿತ್ಸೆಯ ದಿನಾಂಕ ನಿಗದಿಯಾಗುವ ಮೊದಲೇ ಪೂರೈಸಿಕೊಳ್ಳಬೇಕಾಗಿ ಕೋರಲಾಗಿದೆ.

ಸೂಚನೆ: ಈ ಲೇಖನವು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಬಗ್ಗೆ ತಜ್ಞ ವೈದ್ಯರ ಸಲಹೆಯೂ, ಹಣ ಪಾವತಿಯ ಬಗ್ಗೆ ಆಯಾ ಪಾಲಿಸಿಯ ಷರತ್ತುಗಳೂ ಅಂತಿಮವಾಗಿರುತ್ತವೆ.